ಕ್ಲಚ್ ಇದೆ, ಅಳತೆ ಇಲ್ಲ!

ದೊಡ್ಡಬಳ್ಳಾಪುರ: ಮೆಜೆಸ್ಟಿಕ್ಕಿನಿಂದ ಸಂಜೆ ಬಸ್ಸಿಗೆ ಊರಿಗೆ ಬರುವವರು ಇದನ್ನು ಎಂದಾದರೂ ನೋಡಿರುತ್ತೀರಿ. ಸೀಟಿನ ಕೆಳಗೆ ಒಂದು ಗೋಣಿಚೀಲ. ಅದರೊಳಗೆ ಊಟದ ತಟ್ಟೆಯಷ್ಟಗಲದ ಕಬ್ಬಿಣ. ಪಕ್ಕದಲ್ಲಿ ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡ ಒಬ್ಬ ಹುಡುಗ. ಕಂಡಕ್ಟರ್ ‘ಲಗೇಜು ತಗೋಪ್ಪಾ’ ಅಂತಾನೆ. ‘ಒಂದೇ ಪ್ಲೇಟು ಅಣ್ಣ, ಕಾಲ ಕೆಳಗೇ ಇಟ್ಕೋತೀನಿ’ ಅಂತ ಹುಡುಗ ಗೋಗರೀತಾನೆ. ಪಕ್ಕದವರು ಪಂಚೆ ಎತ್ತಿಕೊಂಡು ಸ್ವಲ್ಪ ದೂರ ಸರೀತಾರೆ.

ಆ ಚೀಲದಲ್ಲಿರುವುದು ಲಾರಿಯ ಕ್ಲಚ್ ಪ್ಲೇಟು. ಅದು ಹೊತ್ತಿಗೆ ಸರಿಯಾಗಿ ಊರು ಮುಟ್ಟದಿದ್ದರೆ ಒಬ್ಬ ಡ್ರೈವರಿಗೆ ಬಟವಾಡೆ ಇಲ್ಲ, ಒಂದು ಹೋಟೆಲಿನ ತೊಟ್ಟಿಗೆ ನೀರಿಲ್ಲ, ಒಂದು ಬೀದಿಯ ಬಿಂದಿಗೆಗಳು ಸಾಲಾಗಿ ಕೂತೇ ಇರುತ್ತವೆ. ಪಂಚೆ ಎತ್ತಿಕೊಂಡವರ ಮನೆಯ ಬಿಂದಿಗೆಯೂ ಆ ಸಾಲಿನಲ್ಲಿ ಇದ್ದೀತು!

ಹಳೇ ಲಾರಿಗೆ ಕ್ಲಚ್ ಹುಡುಕುವುದು ಗ್ಯಾರೇಜಿನವರ ತಲೆನೋವು, ನಮಗೇನು ಅನ್ನುವವರು ಈ ಸಂಗತಿಯನ್ನು ಸ್ವಲ್ಪ ಕೇಳಬೇಕು.

ಆದದ್ದೇನು?

ಊರಂಚಿನ ಬಡಾವಣೆಗಳಿಗೆ ನೀರು ಹೊಡೆಯುವ ಒಂದು ಟ್ಯಾಂಕರ್ ಲಾರಿ. ಹುಟ್ಟಿದ್ದು ಸರಕಿನ ಲಾರಿಯಾಗಿ; ಟಾಟಾ 1210. ವಯಸ್ಸು ಮೂವತ್ತರ ಮೇಲೆ. ಈಗಿನ ಯಜಮಾನರು ಮೂರನೆಯವರೋ ನಾಲ್ಕನೆಯವರೋ. ಅವರೂ ಮೊದಲು ಡ್ರೈವರಾಗಿದ್ದವರೇ. ಉಳಿಸಿದ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ನೆಲಮಂಗಲದ ಕಡೆಯಿಂದ ಹಳೇ ಗಾಡಿ ತಂದು, ಬೆನ್ನ ಮೇಲೆ ಟ್ಯಾಂಕು ಕೂರಿಸಿದರು.

ಬೇಸಿಗೆಯ ಒಂದು ಸೋಮವಾರ, ತುಂಬಿದ ಟ್ಯಾಂಕಿನೊಂದಿಗೆ ಏರು ಬೀದಿ ಹತ್ತುವಾಗ ಎಂಜಿನ್ ಗುಂಯ್ ಎಂದು ಕೂಗಿತು, ಲಾರಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ ಬೀದಿಗೆಲ್ಲಾ ಹಬ್ಬಿತು. ‘ಕ್ಲಚ್ ಹೋಯ್ತು ಸಾರ್’ ಅಂದ ಡ್ರೈವರ್. ನೀರನ್ನು ಅಲ್ಲೇ ಖಾಲಿ ಮಾಡಿ, ಗಾಡಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಗ್ಯಾರೇಜಿಗೆ ಎಳೆದು ತಂದರು.

ಮಂಗಳವಾರ ಮೇಸ್ತ್ರಿ ಗೇರ್ ಬಾಕ್ಸು ಇಳಿಸಿದರು. ಪ್ಲೇಟಿನ ಮೇಲಿನ ಫೇಸಿಂಗು ಸವೆದು ರಿವೆಟ್ಟು ಕಾಣುತ್ತಿತ್ತು. ‘1210ದು ಕ್ಲಚ್ ಪ್ಲೇಟು ಅಂತ ಕೇಳು’ ಎಂದು ಹೇಳಿ ಕ್ಲೀನರ್ ಹುಡುಗನನ್ನು ಬೆಂಗಳೂರಿನ ಜೆ.ಸಿ. ರಸ್ತೆಗೆ ಅಟ್ಟಿದರು. ಹುಡುಗ ಸಂಜೆಗೆ ಹೊಸ ಪ್ಲೇಟು ತಂದ. ಬುಧವಾರ ಬೆಳಿಗ್ಗೆ ಕೂರಿಸಲು ಹೋದರೆ, ಹೊರಸುತ್ತು ಸರಿಯಾಗಿದೆ, ನಡುವಿನ ಹಲ್ಲು ಮಾತ್ರ ಗೇರ್ ಬಾಕ್ಸಿನ ಶಾಫ್ಟಿಗೆ ಕೂರದು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗ ಮತ್ತೆ ಬಸ್ಸು ಹತ್ತಿದ. ಗ್ರೀಸ್ ಕೈ ಮುಟ್ಟಿದ ಸಾಮಾನು ವಾಪಸು ತಗೊಳ್ಳೋದಿಲ್ಲ ಅಂದುಬಿಟ್ಟ ಅಂಗಡಿಯವ.

ಗುರುವಾರ ಯಜಮಾನರು ತಾವೇ ಹೊರಟರು. ಈ ಸಲ ಹಳೇ ಪ್ಲೇಟನ್ನು ಗೋಣಿಯಲ್ಲಿ ಸುತ್ತಿಕೊಂಡು. ಮೊದಲನೇ ಕೌಂಟರಿನಲ್ಲಿ ‘ಪಾರ್ಟ್ ನಂಬರ್ ಹೇಳಿ’ ಅಂದರು. ಎರಡನೆಯದರಲ್ಲಿ ಕಂಪ್ಯೂಟರ್ ನೋಡಿ ‘ಇಲ್ಲ’ ಅಂದರು. ಮೂರನೇ ಅಂಗಡಿಯಲ್ಲಿ ಒಬ್ಬ ವಯಸ್ಸಾದವರು ಚೀಲ ಬಿಚ್ಚಿಸಿದರು. ಅಳತೆ ಹಿಡಿದರು. ಬೆರಳಿಟ್ಟು ಹಲ್ಲು ಎಣಿಸಿದರು. ಕನ್ನಡಕ ಮೇಲಕ್ಕೆ ಎತ್ತಿ, ‘ಯಜಮಾನ್ರೇ, ಇದು ಯಾವ ಗಾಡೀದೂ ಅಲ್ಲ. ಯಾರೋ ಜೋಡಿಸಿರೋದು’ ಅಂದರು.

ಹೆಸರು ಒಂದು, ಹೊಟ್ಟೆಯೊಳಗೆ ಇನ್ನೊಂದು

ಆ ಮಾತಿನಲ್ಲೇ ಇಡೀ ಕಥೆ ಇದೆ. ಅದು ತಿಳಿಯಬೇಕಾದರೆ ಕ್ಲಚ್ ಅಂದರೇನು ಎಂಬುದನ್ನು ಎರಡು ಮಾತಿನಲ್ಲಿ ನೋಡಬೇಕು.

ಎಂಜಿನ್ ಸದಾ ತಿರುಗುತ್ತಿರುತ್ತದೆ. ಚಕ್ರ ಬೇಕಾದಾಗ ಮಾತ್ರ ತಿರುಗಬೇಕು. ಇವೆರಡರ ಕೈ ಹಿಡಿಸುವ, ಕೈ ಬಿಡಿಸುವ ಕೆಲಸ ಕ್ಲಚ್ಚಿನದು. ಎಂಜಿನ್ ಕಡೆ ಫ್ಲೈವೀಲು. ಅದಕ್ಕೆ ಬೋಲ್ಟು ಹಾಕಿ ಬಿಗಿದ ಪ್ರೆಷರ್ ಪ್ಲೇಟು. ಇವೆರಡರ ನಡುವೆ ಅದುಮಿಸಿಕೊಂಡು ತಿರುಗುವುದು ಕ್ಲಚ್ ಪ್ಲೇಟು. ಆ ಪ್ಲೇಟಿನ ನಟ್ಟನಡುವೆ ಹಲ್ಲಿರುವ ತೂತು. ಗೇರ್ ಬಾಕ್ಸಿನ ಶಾಫ್ಟು ಬಂದು ಅದರಲ್ಲಿ ಕೂರಬೇಕು. ಅಂದರೆ ಪ್ಲೇಟಿನ ಹೊರಸುತ್ತು ಎಂಜಿನ್ ಮನೆಯ ನೆಂಟ, ನಡುವಿನ ಹಲ್ಲು ಗೇರ್ ಬಾಕ್ಸ್ ಮನೆಯ ನೆಂಟ. ಎರಡೂ ಮನೆ ಒಪ್ಪಿದರೆ ಮಾತ್ರ ಮದುವೆ.

ಕಂಪನಿಯಿಂದ ಬಂದ ದಿನ ಎರಡೂ ಒಂದೇ ಮನೆತನ. ಆದರೆ ಮೂವತ್ತು ವರ್ಷದಲ್ಲಿ ನಮ್ಮ ಕಡೆಯ ಲಾರಿಗಳಿಗೆ ಏನೇನು ಆಗಿರುತ್ತದೆ? ಒಮ್ಮೆ ಗೇರ್ ಬಾಕ್ಸು ಒಡೆದಿರುತ್ತದೆ. ಹೊಸದು ತರಲು ದುಡ್ಡಿಲ್ಲ. ಗುಜರಿಯಲ್ಲಿ ಬೇರೊಂದು ಮಾಡಲಿನ ಬಾಕ್ಸು ಸಿಗುತ್ತದೆ. ಜಾಣ ಮೇಸ್ತ್ರಿಯೊಬ್ಬ ಅದನ್ನು ಕೂರಿಸಿ, ಅದರ ಹಲ್ಲಿಗೆ ಹೊಂದುವ ಹಬ್ಬನ್ನು ಹಳೇ ಅಳತೆಯ ಪ್ಲೇಟಿಗೆ ಜೋಡಿಸಿ ಗಾಡಿ ಓಡಿಸಿಬಿಡುತ್ತಾನೆ. ಗಾಡಿ ಹತ್ತು ವರ್ಷ ಓಡುತ್ತದೆ. ಮೇಸ್ತ್ರಿ ಊರು ಬಿಡುತ್ತಾನೆ, ಗಾಡಿ ಕೈ ಬದಲಾಗುತ್ತದೆ. ಒಳಗೆ ಏನಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಆರ್.ಸಿ. ಪುಸ್ತಕದಲ್ಲಿ ನೋಡೋಣ ಅಂದರೆ, ಅಲ್ಲಿರುವುದು ಚಾಸಿ ನಂಬರು, ಎಂಜಿನ್ ನಂಬರು. ಎಂಜಿನ್ ಬದಲಾಯಿಸಿದರೆ ಸಾರಿಗೆ ಕಚೇರಿಗೆ ತಿಳಿಸಿ ಬರೆಸಬೇಕು. ಗೇರ್ ಬಾಕ್ಸಿನ ಸುದ್ದಿ ಆ ಪುಸ್ತಕಕ್ಕೆ ಬರುವುದೇ ಇಲ್ಲ. ಕಾಗದದ ಮೇಲೆ ಇದು 1210. ಹೊಟ್ಟೆಯೊಳಗೆ ಅರ್ಧ ಇನ್ನೊಂದು. ಹೆಸರು ಹೇಳಿ ಕ್ಲಚ್ ಕೇಳಿದ ಹುಡುಗನ ತಪ್ಪೇನೂ ಇಲ್ಲ.

ಸಾಮಾನಿಗೆ ಬರವಿಲ್ಲ

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಹಳೇ ಲಾರಿಯ ಸಾಮಾನು ಸಿಗುವುದೇ ಇಲ್ಲ ಎಂಬ ಕೂಗು ಎಲ್ಲಾ ಕಡೆ ಇದೆ. ಅದು ಅರ್ಧ ಸತ್ಯ.

ಟಾಟಾದವರು ಜೆಮ್‌ಶೆಡ್‌ಪುರದಲ್ಲಿ ಜರ್ಮನಿಯ ಬೆಂಜ್ ಕಂಪನಿಯ ಜತೆ ಲಾರಿ ಕಟ್ಟಲು ತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿಯಿತು. ಆದರೂ ಹಳೇ ಡ್ರೈವರುಗಳ ಬಾಯಲ್ಲಿ ಅದು ‘ಬೆಂಜ್ ಲಾರಿ’. 1210 ಅಂದರೆ ಸರಕೂ ಸೇರಿ ಸುಮಾರು 12 ಟನ್ ತೂಕ, ಸುಮಾರು 100 ಕುದುರೆ ಶಕ್ತಿ ಎಂಬ ಲೆಕ್ಕ. ಕಾನೂನಿನ ಭಾಷೆಯಲ್ಲಿ 7,500 ಕೆ.ಜಿ.ಯಿಂದ 12,000 ಕೆ.ಜಿ.ವರೆಗಿನದು ಮಧ್ಯಮ ಸರಕು ವಾಹನ. ಇಂಥ ಲಾರಿಗಳು ದೇಶದ ತುಂಬ ದಶಕಗಟ್ಟಲೆ ಓಡಿದ್ದರಿಂದ ಅವುಗಳ ಸಾಮಾನನ್ನು ಹತ್ತಾರು ಕಂಪನಿಗಳು ಮಾಡಿದವು. ಕ್ಲಚ್ಚನ್ನೇ ತಗೊಳ್ಳಿ. ಗಡಿಯಾಚೆಯ ಹೊಸೂರಿನಲ್ಲಿ ಲೂಕ್ ಕ್ಲಚ್ಚಿನ ಕಾರ್ಖಾನೆಯೇ ಇದೆ. ಚೆನ್ನೈನಿಂದ ವೇಲಿಯೊ, ಗುಜರಾತಿನಿಂದ ಲೈಪ್. ಅಂಗಡಿಯವರ ಬಾಯಲ್ಲಿ ಗಾಡಿಯ ಹೆಸರೇ ಬರುವುದಿಲ್ಲ. 310, 330, 352, 380 ಎಂದು ಪ್ಲೇಟಿನ ಅಗಲವನ್ನು ಎಂ.ಎಂ. ಲೆಕ್ಕದಲ್ಲಿ ಹೇಳುತ್ತಾರೆ.

ನಿಜವಾದ ಕಷ್ಟ ಬೇರೆ ಗಾಡಿಗಳದ್ದು. 1980ರ ದಶಕದಲ್ಲಿ ಜಪಾನಿನ ನಾಲ್ಕು ಹೆಸರುಗಳು ಒಟ್ಟೊಟ್ಟಿಗೆ ನಮ್ಮ ರಸ್ತೆಗೆ ಬಂದವು. ಡಿ.ಸಿ.ಎಂ. ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ನೋಡಲು ಚೆಂದ, ಓಡಲು ಚುರುಕು. ಡಿ.ಸಿ.ಎಂ. ಟೊಯೊಟಾ 1990ರ ದಶಕದಲ್ಲಿ ಕೊರಿಯಾದ ಡೇವೂ ಪಾಲಾಯಿತು, ಆಮೇಲೆ ಬಾಗಿಲು ಹಾಕಿತು. ಹೈದರಾಬಾದಿನ ಆಲ್ವಿನ್ ನಿಸ್ಸಾನ್ ಮಹೀಂದ್ರದವರ ಕೈ ಸೇರಿ ಹೆಸರು ಕಳೆದುಕೊಂಡಿತು. ಸ್ವರಾಜ್ ಮಜ್ದಾ 2011ರಲ್ಲಿ ಎಸ್.ಎಂ.ಎಲ್. ಇಸುಝು ಆಯಿತು, 2025ರಲ್ಲಿ ಅದನ್ನೂ ಮಹೀಂದ್ರ ಕೊಂಡಿತು. ಐಷರ್ 2008ರಲ್ಲಿ ವೋಲ್ವೊ ಜತೆ ಕೂಡಿ ಗಟ್ಟಿಯಾಗಿ ನಿಂತಿತು. ನಾಲ್ವರಲ್ಲಿ ಇಬ್ಬರ ವಂಶ ಉಳಿಯಿತು, ಇಬ್ಬರದು ಅಳಿಯಿತು. ವಂಶ ಅಳಿದ ಗಾಡಿ ಕೊಂಡವರಿಗೆ ಶಿವಾಜಿನಗರದ ಗುಜರಿಯೇ ಗತಿ.

ಅಂಥ ಗಾಡಿಗಳಿಗೂ ದಾರಿ ಇದ್ದದ್ದು ಅಳತೆಯಿಂದಲೇ. ಅಗಲ, ಹಲ್ಲಿನ ಲೆಕ್ಕ, ಶಾಫ್ಟಿನ ದಪ್ಪ ಕೂಡಿಬಂದರೆ ಕಬ್ಬಿಣಕ್ಕೆ ಕಂಪನಿಯ ಹೆಸರು ಗೊತ್ತಾಗುವುದಿಲ್ಲ. ಇನ್ನೊಂದು ಗಾಡಿಯ ಪ್ಲೇಟು ಇದಕ್ಕೂ ಹೊಂದೀತು. ಹಾಗೂ ಆಗದಿದ್ದರೆ ಹಳೇ ಹಬ್ಬನ್ನೇ ಇಟ್ಟುಕೊಂಡು ಹೊಸ ಫೇಸಿಂಗು ಹೊಡೆಸಬಹುದು.

ಟ್ಯಾಂಕರಿನ ಯಜಮಾನರಿಗೆ ಗುರುವಾರ ಸಿಕ್ಕಿದ್ದೂ ಇದೇ ದಾರಿ. ಹಬ್ಬಿನ ಹಲ್ಲು ಸವೆದಿಲ್ಲ, ಸ್ಪ್ರಿಂಗು ಮುರಿದಿಲ್ಲ ಎಂದು ಆ ಹಿರಿಯರು ಖಾತ್ರಿ ಮಾಡಿಕೊಂಡು ಪಕ್ಕದ ಗಲ್ಲಿಗೆ ಕಳಿಸಿದರು. ಅಲ್ಲಿ ಹಳೇ ಫೇಸಿಂಗು ಕಿತ್ತು ಹೊಸದನ್ನು ರಿವೆಟ್ಟು ಹೊಡೆದು ಕೊಟ್ಟರು. ಪ್ರೆಷರ್ ಪ್ಲೇಟು ಎಂಜಿನ್ ಕಡೆಯ ಸಾಮಾನಾದ್ದರಿಂದ 1210ದೇ ಹೊಸದು ಸಿಕ್ಕಿತು. ಈ ಹೊತ್ತಿಗೆ ಊರಿನಲ್ಲಿ ಮೇಸ್ತ್ರಿ ಫ್ಲೈವೀಲು ಬಿಚ್ಚಿ ಲೇತಿಗೆ ಒಯ್ದಿದ್ದರು. ದೊಡ್ಡಬಳ್ಳಾಪುರ ಮಗ್ಗದ ಊರು. ಮಗ್ಗದ ಸಾಮಾನು ಕಡೆಯುವ ಲೇತಿನವರಿಗೆ ಫ್ಲೈವೀಲಿನ ಮುಖ ಸಾಪು ಮಾಡುವುದು ದೊಡ್ಡ ಮಾತಲ್ಲ. ಶುಕ್ರವಾರ ಜೋಡಿಸಿದರು. ಶನಿವಾರ ಬೆಳಿಗ್ಗೆ ಟ್ಯಾಂಕರು ಬೀದಿಗಿಳಿಯಿತು.

ದುಡ್ಡು ಹೋದದ್ದೆಲ್ಲಿ?

ಈಗ ಲೆಕ್ಕ. ಟ್ಯಾಂಕರ್ ನಿಂತದ್ದು ಐದು ದಿನ. 2024ರ ಮಾರ್ಚಿನಲ್ಲಿ ನೀರಿನ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತು ಮಾಡಿತ್ತು. ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ. ಆ ದರವನ್ನೇ ಹಿಡಿಯಿರಿ. ದಿನಕ್ಕೆ ಐದು ಲೋಡು ಅಂದರೆ 3,000 ರೂ. ಐದು ದಿನಕ್ಕೆ 15,000 ರೂ. ಡೀಸೆಲ್ಲು ಕಳೆದರೂ ಡ್ರೈವರು, ಕ್ಲೀನರು, ಸಾಲದ ಕಂತು ಎಲ್ಲಾ ಅದರೊಳಗೇ ನಡೆಯಬೇಕಾದ ದುಡ್ಡು. ಇದರ ಮೇಲೆ ಹೊಂದದ ಪ್ಲೇಟಿನ ದುಡ್ಡು ಬೇರೆ ನೀರುಪಾಲು.

ಐದರಲ್ಲಿ ನಿಜವಾಗಿ ರಿಪೇರಿಗೆ ಬೇಕಾದದ್ದು ಎರಡು ದಿನ. ಗೇರ್ ಬಾಕ್ಸು ಇಳಿಸಲು ಒಂದು, ಏರಿಸಲು ಒಂದು. ಉಳಿದ ಮೂರು ದಿನ ಹೋದದ್ದು ‘ಯಾವ ಕ್ಲಚ್ಚು?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು. ಮಾಲೀಕನನ್ನು ಮುಳುಗಿಸುವುದು ಕ್ಲಚ್ಚಿನ ಬೆಲೆಯಲ್ಲ, ಗಾಡಿ ನಿಂತ ದಿನಗಳು.

ಟ್ಯಾಂಕರುಗಳ ಕ್ಲಚ್ಚು ಬೇಗ ಸವೆಯುವುದಕ್ಕೂ ಕಾರಣವಿದೆ. ಒಂದು ಲೀಟರ್ ನೀರು ಒಂದು ಕೆ.ಜಿ.; 6,000 ಲೀಟರ್ ಅಂದರೆ 6 ಟನ್, ಟ್ಯಾಂಕಿನ ತೂಕ ಬೇರೆ. ಕಿರಿದಾದ ಬೀದಿ, ಹತ್ತು ಸಲ ರಿವರ್ಸು, ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸುವುದು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಡ್ರೈವರಿಗೆ ಪ್ಲೇಟು ಸಾಲದು. ಹೆದ್ದಾರಿಯಲ್ಲಿ ಸರಕು ಒಯ್ಯುವ ಲಾರಿಯ ಕ್ಲಚ್ಚು ವರ್ಷಗಟ್ಟಲೆ ಬಂದರೆ, ಬೀದಿ ಸುತ್ತುವ ಟ್ಯಾಂಕರಿನದು ಅದಕ್ಕಿಂತ ಎಷ್ಟೋ ಮೊದಲೇ ಕೈ ಕೊಡುತ್ತದೆ.

ಮೂಗಿಗಿಂತ ಮೂಗುತಿ ಭಾರವೇ?

‘ಇಷ್ಟೆಲ್ಲಾ ಯಾಕೆ, ಗಾಡಿ ಗುಜರಿಗೆ ಹಾಕಿ ಹೊಸದು ತಗೊಳ್ಳಲಿ’ ಅನ್ನುವವರಿದ್ದಾರೆ. ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ಹಳೇ ಎಂಜಿನ್ನಿನ ಹೊಗೆ ಬಸ್‌ಸ್ಟಾಪಿನಲ್ಲಿ ನಿಂತವರ ಮೂಗಿಗೇ ಬರುವುದು. ಸರ್ಕಾರದ ಒಲವೂ ಅತ್ತಲೇ. ಸರ್ಕಾರದ ಸ್ವಂತ ಗಾಡಿಗಳಿಗೆ 15 ವರ್ಷ ದಾಟಿದರೆ 2023ರ ಏಪ್ರಿಲ್ 1ರಿಂದ ನೋಂದಣಿ ಇಲ್ಲ. ಖಾಸಗಿ ಲಾರಿಗೆ ಆ ತಡೆ ಇಲ್ಲವಾದರೂ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. 15 ವರ್ಷ ಮೀರಿದ ಬಸ್ಸು ಲಾರಿಗಳ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿತು. 2025ರ ನವೆಂಬರಿನಲ್ಲಿ 20 ವರ್ಷ ಮೀರಿದವುಗಳ ಮೇಲೆ ಇನ್ನಷ್ಟು ಹೊರೆ ಬಿತ್ತು. ಗುಜರಿಗೆ ಹಾಕಿ ಪ್ರಮಾಣಪತ್ರ ತಂದವರಿಗೆ ಹೊಸ ಬಾಡಿಗೆ ಗಾಡಿಯ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ಕೊಡಬಹುದೆಂದು ಕೇಂದ್ರ 2021ರಲ್ಲೇ ನಿಯಮ ಮಾಡಿದೆ.

ಆದರೆ ಹೊಸ ಲಾರಿಗೆ ಬೇಕಾದದ್ದು ಲಕ್ಷಗಟ್ಟಲೆ ದುಡ್ಡು, ತಿಂಗಳು ತಿಂಗಳು ತಪ್ಪದ ಕಂತು. ದಿನಕ್ಕೆ ಐದು ಲೋಡು ನೀರು ಹೊಡೆದು ಆ ಕಂತು ಕಟ್ಟಬೇಕಾದರೆ ನೀರಿನ ಬೆಲೆ ಏರಬೇಕು. ಅದನ್ನು ಕೊಡುವವರು ಬಿಂದಿಗೆ ಹಿಡಿದು ನಿಂತವರು, ಹೋಟೆಲಿನವರು. ಹಳೇ ಲಾರಿ ನಿಂತರೆ ಅದರ ಬಿಲ್ಲು ಬರುವುದು ಮಾಲೀಕನಿಗೆ ಮಾತ್ರ ಅಲ್ಲ.

ಆದ್ದರಿಂದ ಗಾಡಿ ಇರಬೇಕೋ ಹೋಗಬೇಕೋ ಎಂಬುದನ್ನು ಬ್ರೇಕು, ಹೊಗೆ, ಚಾಸಿ ನೋಡಿ ತೀರ್ಮಾನಿಸಲಿ. ಕ್ಲಚ್ಚಿನ ಅಳತೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಓಡುವ ಗಾಡಿ ಗುಜರಿ ಸೇರುವುದು ಬೇಡ. ಹಾಗೆ ಸೇರಿದ ಗಾಡಿಗಳು ಗ್ಯಾರೇಜುಗಳ ಹಿಂದೆ ಮುಳ್ಳುಗಿಡ ಹಬ್ಬಿಸಿಕೊಂಡು ನಿಂತಿರುವುದನ್ನು ಹೊಸಕೋಟೆ ರಸ್ತೆಯಲ್ಲೋ ದೇವನಹಳ್ಳಿ ರಸ್ತೆಯಲ್ಲೋ ಬಸ್ಸಿನ ಕಿಟಕಿಯಿಂದ ಯಾರು ಬೇಕಾದರೂ ನೋಡಬಹುದು.

ಮಾಡಬೇಕಾದ್ದೇನು?

ಇದಕ್ಕೆ ಮಂತ್ರಿಗಳೂ ಬೇಡ, ಆಯೋಗವೂ ಬೇಡ. ಒಂದು ನೋಟ್‌ಬುಕ್ಕು ಸಾಕು.

ಗೇರ್ ಬಾಕ್ಸು ಇಳಿದ ದಿನವೇ ಆರು ಅಳತೆ ಬರೆದುಕೊಳ್ಳಬೇಕು. ಪ್ಲೇಟಿನ ಅಗಲ, ನಡುವಿನ ಹಲ್ಲುಗಳ ಲೆಕ್ಕ, ಶಾಫ್ಟಿನ ದಪ್ಪ, ಹಬ್ಬು ಯಾವ ಕಡೆಗೆ ಎಷ್ಟು ಉಬ್ಬಿದೆ, ಪ್ರೆಷರ್ ಪ್ಲೇಟಿನ ಬೋಲ್ಟು ತೂತುಗಳ ಲೆಕ್ಕ ಮತ್ತು ಅಂತರ, ರಿಲೀಸ್ ಬೇರಿಂಗಿನ ನಂಬರು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ; ಸ್ಕೇಲು ಪಕ್ಕದಲ್ಲಿಟ್ಟು ಫೋಟೋ ಹೊಡೆದರೆ ಇನ್ನೂ ಒಳ್ಳೆಯದು. ಅಂಗಡಿಗೆ ಹೋಗುವಾಗ ಹಳೇ ಪ್ಲೇಟನ್ನು ಬಿಟ್ಟು ಹೋಗಲೇಬಾರದು.

ಬೇರಿಂಗು ಉಳಿಸಲು ಹೋಗಿ ಕೆಡುವವರೂ ಇದ್ದಾರೆ. ಪ್ಲೇಟು ಹೊಸದು ಹಾಕಿ ರಿಲೀಸ್ ಬೇರಿಂಗು ಹಳೇದೇ ಬಿಟ್ಟರೆ, ಅದು ಎರಡೇ ತಿಂಗಳಿಗೆ ಕಿರುಚಲು ಶುರು ಮಾಡಿದರೆ ಮತ್ತೆ ಗೇರ್ ಬಾಕ್ಸು ಇಳಿಸಬೇಕು, ಮತ್ತೆ ಎರಡು ದಿನ ದಂಡ. ಪ್ಲೇಟು ಬಿಚ್ಚಿದಾಗ ಏಳುವ ಕರಿ ಧೂಳನ್ನು ಕಂಪ್ರೆಸರ್ ಗಾಳಿ ಹೊಡೆದು ಹಾರಿಸುವ ಚಾಳಿಯನ್ನೂ ಬಿಡಬೇಕು. ಹಳೇ ಫೇಸಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕಾಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕ್ಲೀನರ್ ಹುಡುಗನ ಆಯಸ್ಸು ಉಳಿದೀತು.

ಬಿಲ್ಲಿನ ವಿಚಾರ ಅಂಗಡಿಯವರಿಗೂ ಗಿರಾಕಿಗೂ ಇಬ್ಬರಿಗೂ ಸೇರಿದ್ದು. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 18, ಅದಕ್ಕೆ ಮೊದಲು ಕ್ಲಚ್ಚಿಗೆ ಶೇ. 28 ಇತ್ತು. ಬಿಲ್ಲು ಬೇಡ ಎಂದು ನಾಲ್ಕು ಕಾಸು ಉಳಿಸುವ ಆಸೆ ಈಗ ಇನ್ನೂ ಕಡಿಮೆ ಆಗಬೇಕು. ಬಿಲ್ಲಿಲ್ಲದ ಡಬ್ಬಿಯಲ್ಲಿ ಡೂಪ್ಲಿಕೇಟು ಬಂದರೆ ಕೇಳುವುದು ಯಾರನ್ನು? ‘ಹೊಂದದಿದ್ದರೆ ಇಷ್ಟು ದಿನದೊಳಗೆ ವಾಪಸು’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವ ರೂಢಿ ಬಂದರೆ ಅರ್ಧ ಜಗಳ ತಪ್ಪುತ್ತದೆ.

ದೊಡ್ಡ ಕೆಲಸ ಇನ್ನೊಂದಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ, ಲಾರಿ ಮಾಲೀಕರಿದ್ದಾರೆ. ಯಾವ ಗಾಡಿಗೆ ಯಾವ ಅಳತೆ ಹೊಂದಿತು ಎಂಬುದನ್ನು ತಾಲೂಕಿಗೊಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಒಬ್ಬನ ಐದು ದಿನದ ಅಲೆದಾಟ ಇನ್ನೊಬ್ಬನಿಗೆ ಐದು ನಿಮಿಷದ ಕೆಲಸವಾಗುತ್ತದೆ. ಈಗ ಆ ರಿಜಿಸ್ಟರು ಇರುವುದು ಹಳೇ ಮೇಸ್ತ್ರಿಗಳ ತಲೆಯಲ್ಲಿ, ಜೆ.ಸಿ. ರಸ್ತೆಯ ಮೂರನೇ ಕೌಂಟರಿನಲ್ಲಿ ಕನ್ನಡಕ ಹಾಕಿಕೊಂಡು ಕೂತ ಹಿರಿಯರ ಬೆರಳ ತುದಿಯಲ್ಲಿ. ಅವರ ಮಕ್ಕಳು ಕಂಪ್ಯೂಟರ್ ನೋಡಿ ‘ಇಲ್ಲ’ ಅನ್ನುತ್ತಾರೆ. ಅವರ ತಪ್ಪಲ್ಲ, ಜೋಡಿಸಿದ ಗಾಡಿಯ ಅಳತೆ ಯಾವ ಕಂಪ್ಯೂಟರಿಗೂ ಯಾರೂ ಹೇಳಿಲ್ಲ.

ಟ್ಯಾಂಕರಿನ ಮೇಸ್ತ್ರಿ ತಮ್ಮ ಮಟ್ಟಿಗೆ ಪಾಠ ಕಲಿತರು. ಶುಕ್ರವಾರ ರಾತ್ರಿ ಕೊನೇ ಬೋಲ್ಟು ಬಿಗಿದ ಮೇಲೆ ಹಳದಿ ಬಣ್ಣದ ಡಬ್ಬಿ ತರಿಸಿ, ಡ್ರೈವರ್ ಬಾಗಿಲಿನ ಒಳಮೈಯಲ್ಲಿ, ಟೈರಿನ ಗಾಳಿಯ ಲೆಕ್ಕ ಬರೆದಿದ್ದ ಜಾಗದ ಕೆಳಗೆ ಆರೂ ಅಳತೆ ಬರೆದರು. ‘ನಾಳೆ ನಾನು ಇರ್ತೀನೋ ಇಲ್ವೋ, ಗಾಡಿ ಯಾರ ಕೈಗೆ ಹೋಗುತ್ತೋ. ಮುಂದೆ ಬಿಚ್ಚೋನು ಬೈಕೋಬಾರದು ನೋಡಿ’ ಎಂದು ಯಜಮಾನರಿಗೆ ಹೇಳಿದರು. ತಾಲೂಕಿನ ಒಂದೊಂದು ಹಳೇ ಲಾರಿಯ ಬಾಗಿಲಲ್ಲೂ ಇಂಥ ನಾಲ್ಕು ಸಾಲು ಬರೆದಿದ್ದರೆ ಸಾಕು, ಸಂಜೆ ಬಸ್ಸಿನ ಗೋಣಿಚೀಲ ಎರಡನೇ ಸಲ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ.